ತಮಟೆಯ ಊರಿನಲ್ಲಿ ಡಿಜೆ ಪೆಟ್ಟಿಗೆ

ಗಣೇಶನ ಹಬ್ಬವಿರಲಿ, ಈದ್ ಮಿಲಾದ್ ಇರಲಿ, ಹತ್ತಿರ ಬಂತೆಂದರೆ ನಂಜನಗೂಡು, ತಿ. ನರಸೀಪುರದಂತಹ ತಾಲ್ಲೂಕು ಕೇಂದ್ರಗಳಲ್ಲಿ ಶಾಂತಿ ಸಭೆ ಸೇರುತ್ತದೆ. ಎಲ್ಲ ಜಾತಿ-ಧರ್ಮಗಳ ಮುಖಂಡರು ಕುರ್ಚಿಗಳಲ್ಲಿ ಕೂರುತ್ತಾರೆ. ಬಿಸ್ಕತ್ತು, ಟೀ ಬರುತ್ತದೆ. ಅಧಿಕಾರಿಗಳು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: ಡಿಜೆ ಬೇಡ, ಬೇಕಾದರೆ ಜಾನಪದ ಕಲಾತಂಡಗಳನ್ನು ಕರೆಸಿ. ಎಲ್ಲರೂ ತಲೆಯಾಡಿಸುತ್ತಾರೆ. ಹಬ್ಬದ ರಾತ್ರಿ ಮಾತ್ರ ಎಲ್ಲೋ ಒಂದು ಬೀದಿಯಲ್ಲಿ ಡಿಜೆ ಹೊರಟೇ ಇರುತ್ತದೆ. ಮರುದಿನ ಮೊಕದ್ದಮೆಯ ಸುದ್ದಿ ಬರುತ್ತದೆ. ಮುಂದಿನ ವರ್ಷ ಮತ್ತೆ ಅದೇ ಸಭೆ, ಅದೇ ಮಾತು.

ಈ ಮಾತಿನಲ್ಲಿ ಒಂದು ನಂಬಿಕೆ ಅಡಗಿದೆ. ಡಿಜೆ ಎಂಬುದು ಹೊರಗಿನಿಂದ ಬಂದ ಕೇಡು, ತಮಟೆ-ಕಂಸಾಳೆಗಳು ನಮ್ಮ ಮಣ್ಣಿನ ಸೊಗಸು, ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಹಬ್ಬ ಸರಿಹೋಗುತ್ತದೆ ಎನ್ನುವ ನಂಬಿಕೆ ಅದು. ಪತ್ರಿಕೆಗಳ ಸಂಪಾದಕೀಯಗಳಲ್ಲೂ ಜಾನಪದ ಸಮ್ಮೇಳನಗಳ ಭಾಷಣಗಳಲ್ಲೂ ಇದೇ ಕೇಳಿಬರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ನೋಡದೆ ಹೋದರೆ ಡಿಜೆಯೂ ನಮಗೆ ಅರ್ಥವಾಗುವುದಿಲ್ಲ, ತಮಟೆಯೂ ಅರ್ಥವಾಗುವುದಿಲ್ಲ.

ಮೊದಲು ಡಿಜೆ ಎಂದರೇನು ಎಂದು ನೋಡೋಣ. ನಮ್ಮ ಕಡೆ ಅದು ಮನುಷ್ಯನ ಹೆಸರಲ್ಲ. 'ಡಿಜೆ ಬಂತು' ಎನ್ನುತ್ತಾರೆಯೇ ಹೊರತು 'ಡಿಜೆ ಬಂದ' ಎಂದು ಯಾರೂ ಹೇಳುವುದಿಲ್ಲ. ಟ್ರ್ಯಾಕ್ಟರಿನ ಟ್ರೈಲರ್ ಇಲ್ಲವೇ ಲಾರಿಯ ಮೇಲೆ ಪೇರಿಸಿದ ಬೇಸ್ ಪೆಟ್ಟಿಗೆಗಳು, ಒಂದು ಜನರೇಟರ್, ತಿರುಗುವ ಬಣ್ಣದ ದೀಪಗಳು, ಒಂದು ಪೆನ್‌ಡ್ರೈವ್ ಅಥವಾ ಮೊಬೈಲು, ಇವಿಷ್ಟೂ ಸೇರಿ ಡಿಜೆ. ಅದರ ಕಡಿಮೆ ಸ್ಥಾಯಿಯ ಸದ್ದು ಗೋಡೆ ದಾಟಿ ಒಳಬರುತ್ತದೆ. ಪಾತ್ರೆಗಳು ಅದುರುತ್ತವೆ, ಎದೆ ಅದುರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗಾಗಿ ವರ್ಷಕ್ಕೆ ಒಟ್ಟು 15 ದಿನ ಮಾತ್ರ ನಡುರಾತ್ರಿಯ ತನಕ ಸಡಿಲಿಸುವ ಅಧಿಕಾರ ಸರಕಾರಕ್ಕಿದೆ. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟು ಈ ಮಿತಿಗಳನ್ನು ಎತ್ತಿಹಿಡಿಯಿತು. ಡೆಸಿಬಲ್ ಲೆಕ್ಕ ನಮ್ಮ ಕೂಡುವ ಕಳೆಯುವ ಲೆಕ್ಕದ ಹಾಗಲ್ಲ. ಹತ್ತು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 100 ಡೆಸಿಬಲ್ ಆದರೆ ವಾರಕ್ಕೆ ಸುಮಾರು 20 ನಿಮಿಷ ಮಾತ್ರ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಡಿಜೆಯ ಮುಂದೆ ಮೂರು ತಾಸು ಕುಣಿಯುವ ಹುಡುಗನ ಕಿವಿ ಏನಾಗಬೇಕು?

ಹಾಗಾದರೆ ದೊಡ್ಡ ಸದ್ದೇ ತಪ್ಪೇ? ಹಾಗೆನ್ನಲು ತಿ. ನರಸೀಪುರದವರು ಹಿಂದೆಮುಂದೆ ನೋಡಬೇಕು. ಕಾವೇರಿ-ಕಪಿಲೆಯರು ಕೂಡುವ ತಿರುಮಕೂಡಲಿನಲ್ಲಿ ಹುಟ್ಟಿದ ಪಿಟೀಲು ವಿದ್ವಾಂಸ ಚೌಡಯ್ಯನವರಿಗೆ ಕಾಡಿದ ಸಮಸ್ಯೆ ಇದೇ. ಅದು ಮೈಕು ಇನ್ನೂ ಬಾರದ ಕಾಲ. ದೊಡ್ಡ ಸಭೆಯಲ್ಲಿ ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸುತ್ತಿರಲಿಲ್ಲ. ಅವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಸಂಪ್ರದಾಯಸ್ಥರಿಗೆ ಇದು ರುಚಿಸಲಿಲ್ಲ. ಆದರೂ ಅವರು ಬಿಡಲಿಲ್ಲ. ಕಟ್ಟಕಡೆಯಲ್ಲಿ ಕೂತವನಿಗೂ ಕೇಳಿಸಬೇಕು ಎಂಬ ಆಸೆ ಕಲಾವಿದನ ಸಹಜವಾದ ಆಸೆ. ಅದರಲ್ಲಿ ಒಂದು ಬಗೆಯ ಸಮಾನತೆಯೂ ಇದೆ. ಚೌಡಯ್ಯನವರು ಸದ್ದು ಹೆಚ್ಚಿಸಿದ್ದು ಕೇಳುಗನನ್ನು ತಲುಪುವುದಕ್ಕೆ. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಯಂತ್ರದ ಮೇಲಿನ ಸಿಟ್ಟೂ ಹೊಸದಲ್ಲ. ಮದುವೆ ಮನೆಯ ತೆಂಗಿನ ಮರಕ್ಕೆ ಕಟ್ಟಿದ ಕಹಳೆಯಾಕಾರದ ಮೈಕು ಬಂದಾಗ ಅದಕ್ಕೆ 'ಮೈಕಾಸುರ' ಎಂದು ಹೆಸರಿಟ್ಟೆವು. ಕ್ಯಾಸೆಟ್ಟು ಬಂದಾಗ ಜನಪದ ಗಾಯಕರ ಗತಿ ಮುಗಿಯಿತು ಎಂದೆವು. ಆದರೆ ಮಾದಪ್ಪನ ಪದಗಳು, ಮಂಟೇಸ್ವಾಮಿಯ ಕತೆಗಳು ಕ್ಯಾಸೆಟ್ಟಿನ ಬೆನ್ನೇರಿ ಬಸ್ಸು, ಟೀ ಅಂಗಡಿ, ಹೊಲಗಳಿಗೆ ಹೋದವು. ಹೊಸ ಯಂತ್ರ ಹಳೆಯ ಹಾಡನ್ನು ಕೊಂದೇ ತೀರುತ್ತದೆ ಎಂಬ ನಿಯಮವಿಲ್ಲ. ಅದು ಯಾರ ಕೈಯಲ್ಲಿದೆ, ಹೇಗೆ ಬಳಕೆಯಾಗುತ್ತಿದೆ ಎಂಬುದು ಮುಖ್ಯ.

ಈ ಸೀಮೆಯ ಹಾಡುಗಾರಿಕೆಯ ಬಗೆ ಎಂಥದು? ನಂಜನಗೂಡು, ತಿ. ನರಸೀಪುರ, ಕೊಳ್ಳೇಗಾಲ, ಮಳವಳ್ಳಿಗಳಲ್ಲಿ ಮಂಟೇಸ್ವಾಮಿ ಪರಂಪರೆಯ ನೀಲಗಾರರು ತಂಬೂರಿ ಮೀಟುತ್ತಾ, ಗಗ್ಗರ, ಡಕ್ಕಿ, ತಾಳಗಳ ಜೊತೆಯಲ್ಲಿ ರಾತ್ರಿಯಿಡೀ ಕತೆ ಮಾಡುತ್ತಾರೆ. ಮುಮ್ಮೇಳದವನು ಸೊಲ್ಲು ಎತ್ತಿದರೆ ಹಿಮ್ಮೇಳದವರು ಅದನ್ನು ಹಿಡಿದುಕೊಳ್ಳುತ್ತಾರೆ, 'ಹೂಂ' ಎನ್ನುತ್ತಾರೆ, ನಡುವೆ ಪ್ರಶ್ನೆ ಹಾಕುತ್ತಾರೆ. ಕೇಳುವವರು ತೂಕಡಿಸಿದರೆ ಕತೆಗಾರ ಒಂದು ತಮಾಷೆ ತೂರಿಸುತ್ತಾನೆ. ಹೆಂಗಸರ ಕಣ್ಣಲ್ಲಿ ನೀರು ಬಂದರೆ ಆ ಸಾಲನ್ನು ಮತ್ತೆ ಹೇಳುತ್ತಾನೆ. ಮಾದೇಶ್ವರನ ದೇವರಗುಡ್ಡರ ಕಂಸಾಳೆಯೂ ಹೀಗೆಯೇ. ಒಂದು ಬಟ್ಟಲು ಅಂಗೈಯಲ್ಲಿ, ಇನ್ನೊಂದು ದಾರಕ್ಕೆ ಕಟ್ಟಿದ್ದು. ಬೀಸಿದ ತಾಳ ಪಕ್ಕದವನ ಬಟ್ಟಲಿಗೆ ತಗಲಬೇಕಾದರೆ ಪಕ್ಕದವನು ಎಲ್ಲಿದ್ದಾನೆ ಎಂಬ ಎಚ್ಚರ ಬೇಕು. ಎಚ್ಚರ ತಪ್ಪಿದರೆ ಹಣೆ ಒಡೆಯುತ್ತದೆ.

ತಮಟೆಯದು ಇನ್ನೂ ಸ್ಪಷ್ಟವಾದ ಉದಾಹರಣೆ. ಅದು ಮೆಲುದನಿಯ ವಾದ್ಯವಲ್ಲ. ಬೆಂಕಿಯಲ್ಲಿ ಚರ್ಮ ಕಾಯಿಸಿ ಬಿಗಿ ಮಾಡಿದ ತಮಟೆಯ ಸದ್ದು ಊರಾಚೆಗೂ ಹೋಗುತ್ತದೆ. ಆದರೆ ಬಡಿಯುವವನ ಕಣ್ಣು ಸದಾ ಎದುರಿಗಿರುವವರ ಮೇಲಿರುತ್ತದೆ. ಕುಣಿಯುವವನ ಕಾಲಿಗೆ ತಕ್ಕಂತೆ ಗತ್ತು ಬದಲಾಗುತ್ತದೆ. ದೇವರು ಹೊರಡುವಾಗಿನ ಬಡಿತ ಬೇರೆ, ಮದುವೆಯದು ಬೇರೆ, ಸಾವಿನದು ಬೇರೆ. ಮೆರವಣಿಗೆ ಹೋಗುವ ದಾರಿಯಲ್ಲಿ ಯಾರದಾದರೂ ಮನೆಯಲ್ಲಿ ಹೆಣವಿದ್ದರೆ ವಾದ್ಯ ನಿಲ್ಲುತ್ತದೆ, ಆ ಮನೆ ದಾಟಿದ ಮೇಲೆ ಮತ್ತೆ ಶುರುವಾಗುತ್ತದೆ. ಇದನ್ನು ಯಾವ ಕಾನೂನೂ ಹೇಳಿಕೊಟ್ಟದ್ದಲ್ಲ. ತಾನು ಯಾರ ಮನೆ ಮುಂದೆ ಇದ್ದೇನೆ ಎಂಬುದು ಆ ಸದ್ದಿಗೆ ಗೊತ್ತಿತ್ತು. ನನ್ನ ಮಟ್ಟಿಗೆ ಊರ ಹಬ್ಬದ ಸಂಗೀತವನ್ನು ಅಳೆಯುವ ಅಳತೆಗೋಲು ಇದು. ಅದು ಹಳೆಯದೋ ಹೊಸದೋ, ಕೈಯಿಂದ ಬಂದದ್ದೋ ಕರೆಂಟಿನಿಂದ ಬಂದದ್ದೋ ಎಂಬುದು ಆಮೇಲಿನ ಮಾತು.

ಈ ಅಳತೆಗೋಲಿನಿಂದ ನೋಡಿದರೆ ಡಿಜೆಯ ಹುಟ್ಟಿನ ಕತೆ ಸೋಜಿಗವಾಗಿದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡ ಬಡಾವಣೆಯಲ್ಲಿ, ಜಮೈಕಾದಿಂದ ವಲಸೆ ಬಂದ ಕಪ್ಪು ಕುಟುಂಬದ ಹುಡುಗಿಯೊಬ್ಬಳು ಶಾಲೆ ಶುರುವಾಗುವ ಮುನ್ನ ತಮ್ಮ ವಠಾರದ ಹಾಲಿನಲ್ಲಿ ಒಂದು ಕೂಟ ಏರ್ಪಡಿಸಿದಳು. ಹಾಡು ಹಾಕಿದವನು ಅವಳ ಅಣ್ಣ ಕೂಲ್ ಹರ್ಕ್. ಹಾಡಿನ ನಡುವೆ ಬರಿಯ ತಾಳವಾದ್ಯ ಮೊಳಗುವ ತುಣುಕು ಬಂದಾಗ ಜನ ಹೆಚ್ಚು ಕುಣಿಯುತ್ತಾರೆ ಎಂಬುದನ್ನು ಅವನು ಗಮನಿಸಿದ್ದ. ಒಂದೇ ಹಾಡಿನ ಎರಡು ತಟ್ಟೆಗಳನ್ನಿಟ್ಟುಕೊಂಡು ಆ ತುಣುಕನ್ನು ಮತ್ತೆ ಮತ್ತೆ ಲಂಬಿಸುವ ಉಪಾಯವನ್ನು ಬೆಳೆಸಿದ. ಅವನ ಗೆಳೆಯ ಕೋಕ್ ಲಾ ರಾಕ್ ಮೈಕು ಹಿಡಿದು ಬಂದವರನ್ನು ಹೆಸರು ಹಿಡಿದು ಕೂಗುತ್ತಿದ್ದ. ಹಿಪ್‌ಹಾಪ್ ಎಂದು ಜಗತ್ತು ಸುತ್ತಿದ ಸಂಗೀತದ ಬೇರು ಇಲ್ಲಿದೆ. ಕುಣಿಯುವವರ ಕಾಲು ನೋಡಿ ಗತ್ತು ಲಂಬಿಸುವುದು, ಕೇಳುವವರನ್ನು ಹೆಸರು ಹಿಡಿದು ಕರೆಯುವುದು! ಇದು ನಮ್ಮ ತಮಟೆಯವರ, ನೀಲಗಾರರ ಕೆಲಸವೇ ಅಲ್ಲವೇ?

ಹಾಗಾಗಿ ನಮ್ಮ ಬೀದಿಗೆ ಬಂದದ್ದು ಡಿಜೆಯ ಪೆಟ್ಟಿಗೆ ಮಾತ್ರ. ಅದರ ಹಿಂದಿನ ಕಲಾವಿದ ಬರಲಿಲ್ಲ. ಮಾದಪ್ಪನ ಪದವಾಗಲಿ, ಸಿನಿಮಾ ಹಾಡಾಗಲಿ, ಅಂಬೇಡ್ಕರ್ ಜಯಂತಿಯ ಹಾಡಾಗಲಿ, ಎಲ್ಲಕ್ಕೂ ಅದೇ ಬೇಸ್ ಬಡಿತವನ್ನು ಅಂಟಿಸಲಾಗಿರುತ್ತದೆ. 2021ರಲ್ಲಿ 'ಗರುಡ ಗಮನ ವೃಷಭ ವಾಹನ' ಚಿತ್ರದಲ್ಲಿ ಬಳಕೆಯಾದ 'ಸೋಜುಗಾದ ಸೂಜುಮಲ್ಲಿಗೆ' ಎಂಬ ಮಾದೇಶ್ವರನ ಪದವನ್ನೇ ನೋಡಿ. ಆ ಪದದ ಜೀವ ಇರುವುದು ಅದರ ನಿಧಾನದಲ್ಲಿ, ಸಾಲು ಸಾಲಿನ ನಡುವಿನ ಉಸಿರಿನಲ್ಲಿ. ಡಿಜೆ ರೀಮಿಕ್ಸಿನಲ್ಲಿ ಮೊದಲು ಹೋಗುವುದು ಆ ಉಸಿರೇ. ಬಡಿತ ಎಲ್ಲೂ ನಿಲ್ಲುವಂತಿಲ್ಲ. ನಿಂತರೆ ಕುಣಿತ ನಿಂತೀತೆಂಬ ಭಯ. ಟ್ರ್ಯಾಕ್ಟರಿನ ಮೇಲಿನ ಹುಡುಗ ಒಂದು ಹಾಡಿನಿಂದ ಇನ್ನೊಂದಕ್ಕೆ ಜಿಗಿಯುತ್ತಾನೆ. ಎದುರಿಗೆ ಇರುವವರು ಮಕ್ಕಳೋ ಮುದುಕರೋ ಎಂದು ನೋಡುವ ಅಗತ್ಯ ಅವನಿಗಿಲ್ಲ. ದೀಪಗಳು ಕುಣಿಯುವವರ ಕಣ್ಣಿಗೆ ಹೊಡೆಯುವುದರಿಂದ ಅವರಿಗೂ ಅವನು ಕಾಣುವುದಿಲ್ಲ. ಅಷ್ಟು ಜನ ಸೇರಿದರೂ ಯಾರೂ ಯಾರ ಜೊತೆಗೂ ಇಲ್ಲದ ಕುಣಿತವಿದು.

ರೀಮಿಕ್ಸ್ ಮಾಡುವುದೇ ಅಪರಾಧ ಎಂಬ ವಾದ ನನ್ನದಲ್ಲ. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ 1984ರಲ್ಲಿ 'ಕುಸುಮಬಾಲೆ' ಪ್ರಕಟಿಸಿದಾಗ ಓದುಗರು ಬೆರಗಾದರು. ಈ ಸೀಮೆಯ ಕೇರಿಯ ನುಡಿ, ರಾತ್ರಿ ಕತೆ ಹೇಳುವವರ ಲಯ, ಮಾತಾಡುವ ದೀಪಗಳು, ಎಲ್ಲವನ್ನೂ ಅವರು ಕಾದಂಬರಿ ಎಂಬ ಪರದೇಶಿ ಯಂತ್ರದೊಳಗೆ ಹಾಕಿದ್ದರು. ಇದನ್ನು ಕನ್ನಡಕ್ಕೇ ಅನುವಾದಿಸಬೇಕು ಎಂದು ಕೆಲವರು ತಮಾಷೆ ಮಾಡಿದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಲ್ಲಿ ಹಳೆಯ ಲಯ ಹೊಸ ರೂಪವನ್ನೇ ಬಗ್ಗಿಸಿತು. ಡಿಜೆಯಲ್ಲಿ ಆಗುತ್ತಿರುವುದು ಇದಕ್ಕೆ ತದ್ವಿರುದ್ಧ. ಪೆಟ್ಟಿಗೆಯ ಬಡಿತಕ್ಕೆ ಎಲ್ಲ ಹಾಡುಗಳೂ ಬಗ್ಗುತ್ತಿವೆ. ಹಳೆಯದನ್ನು ಮುಟ್ಟಿದರು ಎಂದು ದೂರುವ ಬದಲು, ಮುಟ್ಟಿದ ಕೈಗೆ ಹಾಡು ಗೊತ್ತಿತ್ತೇ ಎಂದು ಕೇಳುವುದು ಒಳ್ಳೆಯದು.

ಇನ್ನು ಶಾಂತಿ ಸಭೆಯ ಸಲಹೆಗೆ ಬರೋಣ. ಡಿಜೆ ಬದಲು ಕಲಾತಂಡ ಕರೆಸಿ ಎನ್ನುವವರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಕೇರಿಯ ಹುಡುಗರು ತಮಟೆಯನ್ನು ಏಕೆ ಬಿಟ್ಟರು? ಸಿನಿಮಾ ಹುಚ್ಚಿನಿಂದ, ಮೊಬೈಲಿನಿಂದ ಎಂದು ಹೇಳುವುದು ಸುಲಭ. ತಮಟೆ ಬಡಿಯುವುದು ದಲಿತರಿಗೆ ಬಿಟ್ಟಿ ಚಾಕರಿಯಾಗಿತ್ತು. ಸಾವಿನ ಸುದ್ದಿ ಸಾರಲು, ದೇವರ ಮುಂದೆ ಬಡಿಯಲು ಅವರೇ ಬೇಕು. ಅದೇ ದೇವರ ಗುಡಿಯೊಳಕ್ಕೆ ಅವರು ಬರುವಂತಿರಲಿಲ್ಲ. ಕೂಲಿ ಎಂದರೆ ಒಂದಿಷ್ಟು ಕಾಳು, ಉಳಿದ ಅನ್ನ. ಇನ್ನು ನಾವು ತಮಟೆ ಬಡಿಯುವುದಿಲ್ಲ ಎಂದು ಹೇಳಿದ್ದು ಹಲವು ಕೇರಿಗಳಲ್ಲಿ ಸ್ವಾಭಿಮಾನದ ಮೊದಲ ಮಾತಾಗಿತ್ತು. ಅಂತಹ ಮನೆಯ ಹುಡುಗನಿಗೆ ಡಿಜೆ ಬಿಡುಗಡೆಯಂತೆ ಕಂಡರೆ ಆಶ್ಚರ್ಯವಿಲ್ಲ. ಬಾಡಿಗೆ ಕೊಟ್ಟು ತರಿಸಿದ ಪೆಟ್ಟಿಗೆಗೆ ಜಾತಿಯಿಲ್ಲ. ಅದರ ಮುಂದೆ ಅವನು ಕುಣಿಯುವವನೇ ಹೊರತು ಬಡಿಯುವವನಲ್ಲ. ಏಪ್ರಿಲ್ 14ರಂದು ಅವನು ಅದೇ ಪೆಟ್ಟಿಗೆಯಲ್ಲಿ ಬಾಬಾಸಾಹೇಬರ ಹಾಡು ಹಾಕಿಕೊಂಡು ಊರ ಮುಖ್ಯ ಬೀದಿಯಲ್ಲೇ ಹೋಗುತ್ತಾನೆ. ಆ ಸದ್ದು ಮೇಲುಕೇರಿಗೆ ಕಿರಿಕಿರಿ ಎನಿಸುವುದಕ್ಕೆ ಡೆಸಿಬಲ್ ಒಂದೇ ಕಾರಣವಲ್ಲ. ಡಿಜೆಯನ್ನು ಬೈಯುವ ಬಾಯಿಗಳಲ್ಲಿ ಜಾತಿಯ ಅಸಹನೆಯೂ ಸ್ವಲ್ಪ ಬೆರೆತಿದೆ ಎಂಬುದನ್ನು ಒಪ್ಪಿಕೊಳ್ಳದೆ ಈ ಚರ್ಚೆ ಪ್ರಾಮಾಣಿಕವಾಗುವುದಿಲ್ಲ.

2023ರಲ್ಲಿ ಚಿಕ್ಕಬಳ್ಳಾಪುರದ ಕಡೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷದ ಸಂಗತಿ. ಆದರೆ ದಿಲ್ಲಿಯಲ್ಲಿ ಸಿಕ್ಕ ಕುರ್ಚಿ ಊರಿನಲ್ಲಿ ತಮಟೆಯವರಿಗೆ ಸಿಕ್ಕಿದೆಯೇ? ಮೆರವಣಿಗೆಯ ಮುಂದೆ ಬಿಸಿಲಿನಲ್ಲಿ ನಡೆಸಿ, ವೇದಿಕೆಯ ಕಾರ್ಯಕ್ರಮ ಶುರುವಾಗುತ್ತಲೇ ಅವರನ್ನು ಮರೆಯುವುದನ್ನು ಜಾನಪದ ಪ್ರೇಮ ಎನ್ನಲಾಗದು. ಹಳೆಯ ಕುಣಿತಗಳಿಗೆ ಒಂದು ಕಾಲದಲ್ಲಿ ಬೇರೆ ಘನತೆಯೂ ಇತ್ತು. ತಿ. ನರಸೀಪುರ ರಸ್ತೆಯ ಸಿದ್ದರಾಮನಹುಂಡಿಯಲ್ಲಿ ಬಾಲಕ ಸಿದ್ದರಾಮಯ್ಯ ವೀರ ಮಕ್ಕಳ ಕುಣಿತ ಕಲಿಯಲು ಸೇರಿದ್ದರು. ಶಾಲೆಗೆ ಹೋಗುವ ಮೊದಲು ಅಕ್ಷರವನ್ನೂ ಅಲ್ಲಿಯೇ ಮರಳಿನ ಮೇಲೆ ತಿದ್ದಿದ್ದಾಗಿ ಅವರು ಹೇಳಿಕೊಂಡಿದ್ದಾರೆ. ಆ ಹುಡುಗ 2013ರಲ್ಲಿ ರಾಜ್ಯದ ಮುಖ್ಯಮಂತ್ರಿಯಾದರು. 2022ರಲ್ಲಿ ಊರಿನ ಹಬ್ಬದಲ್ಲಿ ಅವರು ಹಾಕಿದ ಹೆಜ್ಜೆಯನ್ನು ನಾಡೆಲ್ಲ ನೋಡಿತು. ಕುಣಿತ ಅಂದು ಮಕ್ಕಳಿಗೆ ಒಂದು ಶಾಲೆಯಾಗಿತ್ತು. ಡಿಜೆಯ ಮುಂದಿನ ಕುಣಿತಕ್ಕೆ ಗುರುವಿಲ್ಲ, ಕಲಿಯಬೇಕಾದ ಹೆಜ್ಜೆಯಿಲ್ಲ. ಅದಕ್ಕೇ ಅದು ಎಲ್ಲರಿಗೂ ಸುಲಭ. ಅದಕ್ಕೇ ಅದು ಮರುದಿನ ಯಾರಲ್ಲಿಯೂ ಉಳಿಯುವುದಿಲ್ಲ.

ಎಲ್ಲಕ್ಕಿಂತ ಆತಂಕದ ಸಂಗತಿ ಇನ್ನೊಂದಿದೆ. ಈಚೆಗೆ ಡಿಜೆಯ ಸದ್ದು ಎದುರಿಗಿರುವವರನ್ನು ಮರೆಯುವುದಷ್ಟೇ ಅಲ್ಲ, ಬೇಕೆಂದೇ ಯಾರದೋ ಬಾಗಿಲಿಗೆ ಗುರಿಯಿಡುತ್ತಿದೆ. ಮಸೀದಿಯ ಮುಂದೆ ಬಂದಾಗ ವಾಹನ ನಿಲ್ಲಿಸುವುದು, ಸದ್ದು ಏರಿಸುವುದು, ಅದಕ್ಕೆಂದೇ ಆಯ್ದ ಹಾಡು ಹಾಕುವುದು ದೇಶದ ಹಲವೆಡೆ ರೂಢಿಯಾಗಿದೆ. ಮಸೀದಿಯ ಮುಂದಿನ ವಾದ್ಯದ ಜಗಳಕ್ಕೆ ನೂರು ವರ್ಷದ ಇತಿಹಾಸವಿದೆ. ಆದರೆ ತಮಟೆಯನ್ನು ಬಡಿಯುವ ಕೈ ದಣಿಯುತ್ತದೆ, ಪೆಟ್ಟಿಗೆಗೆ ದಣಿವಿಲ್ಲ. ಪಕ್ಕದ ಮಂಡ್ಯ ಜಿಲ್ಲೆಯಲ್ಲಿ 2024ರ ಸೆಪ್ಟೆಂಬರಿನಲ್ಲಿ ನಾಗಮಂಗಲದಲ್ಲೂ 2025ರ ಸೆಪ್ಟೆಂಬರಿನಲ್ಲಿ ಮದ್ದೂರಿನಲ್ಲೂ ಗಣೇಶನ ಮೆರವಣಿಗೆಯ ವೇಳೆ ಗಲಭೆಯಾಯಿತು. ಕಲ್ಲು ಎಸೆದವರನ್ನು ಕಾನೂನು ವಿಚಾರಿಸಲಿ, ಕಲ್ಲಿಗೆ ಸಮರ್ಥನೆಯಿಲ್ಲ. ಆದರೆ ಸದ್ದನ್ನು ಕಲ್ಲಿನಂತೆ ಬಳಸುವ ಮನಸ್ಸಿನ ಬಗೆಗೂ ಮಾತಾಡಬೇಕು. 2022ರಲ್ಲಿ ಆಜಾನಿಗೆ ಎದುರಾಗಿ ನಸುಕಿನಲ್ಲಿ ಧ್ವನಿವರ್ಧಕಗಳಲ್ಲಿ ಭಜನೆ ಹಾಕುವ ಅಭಿಯಾನ ನಡೆದಾಗಲೂ ಇದೇ ಮನಸ್ಸು ಕೆಲಸ ಮಾಡಿತ್ತು. ಅಲ್ಲಿ ಭಜನೆ ದೇವರಿಗೆ ಕೇಳಿಸಲಿ ಎಂಬುದಕ್ಕಿಂತ ನೆರೆಯವನಿಗೆ ಚುಚ್ಚಲಿ ಎಂಬುದು ಮುಂದಾಗಿತ್ತು.

ಹಾಗೆಂದು ನಮ್ಮ ಮೊಹಲ್ಲಾಗಳು ಸುಮ್ಮನಿವೆಯೇ? ಮಿಲಾದ್ ಮೆರವಣಿಗೆಗಳಲ್ಲೂ ಡಿಜೆ ಹೊಕ್ಕಿದೆ. ಪ್ರವಾದಿಯವರ ನೆನಪಿನ ದಿನ ನಾತ್ ಹಾಡುಗಳಿಗೆ ಅದೇ ಬೇಸ್ ಬಡಿತ ಕಟ್ಟಿ, ಅದೇ ದೀಪ ತಿರುಗಿಸಿ ಹುಡುಗರು ಕುಣಿಯುತ್ತಾರೆ. ಉಲೇಮಾಗಳು ಬೇಡವೆಂದರೂ ಕೇಳುವವರಿಲ್ಲ. ಅವರು ಮಾಡಿದರೆ ನಾವೇಕೆ ಮಾಡಬಾರದು ಎಂಬುದು ಹುಡುಗರ ವಾದ. ಕುರ್‌ಆನಿನಲ್ಲಿ ಲುಕ್ಮಾನರು ಮಗನಿಗೆ ಹೇಳುವ ಬುದ್ಧಿಮಾತುಗಳಲ್ಲಿ ದನಿ ತಗ್ಗಿಸುವುದೂ ಒಂದು ಎಂಬುದನ್ನು ಅವರಿಗೆ ನೆನಪಿಸುವವರು ಬೇಕು. 2024ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಮಿಲಾದ್ ಮೆರವಣಿಗೆಯ ಡಿಜೆಯ ಬಗ್ಗೆ ಅರ್ಜಿ ಬಂದಾಗ, ಗಣೇಶೋತ್ಸವದಲ್ಲಿ ಹಾನಿಕರವಾದದ್ದು ಈದ್‌ನಲ್ಲೂ ಹಾನಿಕರವೇ ಎಂಬ ಅಭಿಪ್ರಾಯವನ್ನು ನ್ಯಾಯಪೀಠ ಹೇಳಿತು. ಇದು ಯಾರಾದರೂ ಒಪ್ಪುವ ಮಾತು. ನೆರೆಮನೆಯ ಎದೆನೋವಿನ ಮುದುಕನಿಗೆ, ಪರೀಕ್ಷೆಗೆ ಓದುವ ಹುಡುಗಿಗೆ, ತೊಟ್ಟಿಲ ಕೂಸಿಗೆ ಹಾಡಿನ ಧರ್ಮ ಯಾವುದಾದರೇನು?

ಈ ಸೀಮೆಗೆ ಬೇರೆ ದಾರಿ ಗೊತ್ತಿಲ್ಲದೆ ಇಲ್ಲ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಮೊಹರಂ 'ಬಾಬಯ್ಯನ ಹಬ್ಬ'ವಾಗಿತ್ತು. ಮುಸ್ಲಿಮರ ಮನೆ ಒಂದೆರಡೇ ಇರುವ ಊರಿನಲ್ಲಿಯೂ ಬಾಬಯ್ಯನ ಮುಂದೆ ತಮಟೆ ಬಡಿಯುತ್ತಿತ್ತು, ಎಲ್ಲ ಜಾತಿಯವರೂ ಹರಕೆ ಹೊರುತ್ತಿದ್ದರು. ನಂಜನಗೂಡಿನ ನಂಜುಂಡೇಶ್ವರ ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣು ವಾಸಿಮಾಡಿ 'ಹಕೀಂ ನಂಜುಂಡ'ನಾದ ಕತೆಯನ್ನು, ಸುಲ್ತಾನ ಕೊಟ್ಟ ಪಚ್ಚೆಲಿಂಗದ ಕತೆಯನ್ನು ಊರಿನವರು ಇಂದಿಗೂ ಹೇಳುತ್ತಾರೆ. ಇನ್ನೊಬ್ಬರ ದೇವರಿಗೆ ತನ್ನ ನುಡಿಯಲ್ಲಿ ಒಂದು ಹೆಸರಿಟ್ಟು ಹತ್ತಿರ ಮಾಡಿಕೊಂಡ ಊರು ಇದು. ಇಂತಹ ಊರಿನ ಬೀದಿಯಲ್ಲಿ ಸದ್ದಿಗೂ ಆ ನಡತೆ ಇರಬೇಡವೇ?

ಏನು ಮಾಡಬಹುದು? ನಿಷೇಧ ಒಂದೇ ಸಾಲದು. ಮಿತಿ ಮೀರಿದ ಡಿಜೆಯನ್ನು ಪೊಲೀಸರು ನಿಲ್ಲಿಸಲಿ. ಆದರೆ ಎಲ್ಲ ಹಬ್ಬಕ್ಕೂ, ಎಲ್ಲ ಜಾತಿಯ ಜಯಂತಿಗೂ, ಪಕ್ಷಗಳ ವಿಜಯೋತ್ಸವಕ್ಕೂ ಒಂದೇ ಅಳತೆ ಇರಲಿ. ಶಾಂತಿ ಸಭೆಗೆ ಮುಖಂಡರ ಜೊತೆ ಪೆಟ್ಟಿಗೆ ಬಾಡಿಗೆಗೆ ಕೊಡುವವರನ್ನೂ, ಹಾಡು ಹಾಕುವ ಹುಡುಗರನ್ನೂ, ತಮಟೆ ತಂಡದವರನ್ನೂ ಕರೆಯಲಿ. ಅವರು ಮಾತಾಡದ ಸಭೆಯಲ್ಲಿ ಸದ್ದಿನ ಬಗ್ಗೆ ಏನು ತೀರ್ಮಾನವಾದೀತು? ಪೆಟ್ಟಿಗೆಗೆ ಬಾಡಿಗೆ ಎಣಿಸಿ ಕೊಡುವ ಸಮಿತಿಗಳು ತಮಟೆಯವರಿಗೂ ಮುಂಗಡ ಕೊಟ್ಟು, ಕೂಲಿ ಗೊತ್ತುಮಾಡಿ, ವೇದಿಕೆಯ ಮೇಲೆ ಕೂರಿಸಿ ಊಟಕ್ಕೆ ಕರೆಯಲಿ. ತಮಟೆ ಯಾವ ಜಾತಿಯ ಹುಡುಗನಾದರೂ, ಹುಡುಗಿಯಾದರೂ ಕಲಿಯುವ ವಾದ್ಯವಾಗಲಿ. ಆಗ ಅದರ ಬಿಟ್ಟಿ ಚಾಕರಿಯ ಕಳಂಕ ಕಳೆಯುತ್ತದೆ.

ಡಿಜೆ ಹುಡುಗರಿಗೂ ಒಂದು ಕೆಲಸವಿದೆ. ಸದ್ದು ಇಳಿಸಿ, ಟ್ರ್ಯಾಕ್ಟರಿನಿಂದ ಕೆಳಗಿಳಿದು, ಕೇರಿಯ ನೀಲಗಾರನ ಪಕ್ಕದಲ್ಲಿ ಒಂದು ರಾತ್ರಿ ಕೂರಬೇಕು. ಅವನ ತಂಬೂರಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ಉಸಿರಾಡುತ್ತದೆ ಎಂದು ಕೇಳಬೇಕು. ಅದನ್ನು ಕಲಿತು ತನ್ನ ಯಂತ್ರಕ್ಕೆ ಹಾಕಿದರೆ ಅವನು ನಿಜವಾದ ಡಿಜೆಯಾಗುತ್ತಾನೆ. ಆಗ ಜನ 'ಡಿಜೆ ಬಂದ' ಎನ್ನುತ್ತಾರೆ. ಹೆಣವಿರುವ ಮನೆಯ ಮುಂದೆ, ನಮಾಜಿನ ಹೊತ್ತಿನ ಮಸೀದಿಯ ಮುಂದೆ, ಆಸ್ಪತ್ರೆಯ ಮುಂದೆ ಗುಂಡಿ ತಿರುಗಿಸಿ ಸದ್ದು ತಗ್ಗಿಸುವುದನ್ನು ಅವನಿಗೆ ಯಾವ ಪೊಲೀಸಿನವನೂ ಬಂದು ಹೇಳಬೇಕಾಗುವುದಿಲ್ಲ.